ಮುಕ್ಕಾಲು ವೋಲ್ಟಿನ ಮೆದೆ

ಬ್ಯಾಟರಿ ಎಂದರೆ ಈಗಿನ ಮಕ್ಕಳಿಗೆ ಮೊಬೈಲಿನೊಳಗೆ ಅಡಗಿರುವ ತೆಳ್ಳನೆಯ ಬಿಲ್ಲೆ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡವರಿಗೆ ಹಾಗಲ್ಲ. ಊರಿನವರು ಅವರನ್ನು ಹೆಸರಿಡಿದು ಕೂಗುವುದು ಕಡಿಮೆ, ‘ಬ್ಯಾಟ್ರಿಯವರು’ ಎಂದರೆ ಸಾಕು. ಮೂವತ್ತು ವರ್ಷಗಳಿಂದ ಅವರ ಕೈಯಲ್ಲಿ ಟ್ರ್ಯಾಕ್ಟರು, ಲಾರಿ, ಟೆಂಪೋಗಳ ಬ್ಯಾಟರಿಗಳು ಬಿಚ್ಚಿಕೊಂಡಿವೆ, ಮತ್ತೆ ಕಟ್ಟಿಸಿಕೊಂಡಿವೆ. ಆಸಿಡ್ ಬಿದ್ದು ತೂತಾಗದ ಅಂಗಿ ಅವರಲ್ಲಿ ಒಂದೂ ಇಲ್ಲ. ಮದುವೆ ಮನೆಗೆಂದು ಪೆಟ್ಟಿಗೆಯಲ್ಲಿ ತೆಗೆದಿಟ್ಟದ್ದೊಂದನ್ನು ಬಿಟ್ಟು.

ಬ್ಯಾಟರಿಯನ್ನು ಬಿಚ್ಚಿ ಕಟ್ಟುವುದು ಒಂದು ಕಾಲಕ್ಕೆ ಮರ್ಯಾದೆಯ ಕಸುಬಾಗಿತ್ತು. ಹನ್ನೆರಡು ವೋಲ್ಟಿನ ಬ್ಯಾಟರಿ ಎಂದರೆ ಅದು ಒಂದು ವಸ್ತುವಲ್ಲ, ಎರಡೆರಡು ವೋಲ್ಟಿನ ಆರು ಕೋಶಗಳ ಸಾಲು. ಒಂದೊಂದು ಕೋಶದಲ್ಲಿಯೂ ಕಂದು ಬಣ್ಣದ ಪ್ಲೇಟುಗಳು, ಬೂದು ಬಣ್ಣದ ಪ್ಲೇಟುಗಳು, ಅವು ಒಂದಕ್ಕೊಂದು ತಾಗದಂತೆ ನಡುನಡುವೆ ತೆಳುವಾದ ಹಾಳೆ, ಸುತ್ತಲೂ ಗಂಧಕಾಮ್ಲದ ದ್ರಾವಣ. ಹಳೆಯ ಬ್ಯಾಟರಿಗಳ ಪೆಟ್ಟಿಗೆ ಗಟ್ಟಿ ರಬ್ಬರಿನದು. ಮೇಲೆ ಟಾರಿನ ಮೊಹರು. ಬೆಂಕಿ ತೋರಿಸಿ ಟಾರು ಕರಗಿಸಿ, ಕೆಟ್ಟ ಕೋಶದ ಪ್ಲೇಟುಗಳನ್ನು ಎತ್ತಿ ಬೇರೆ ಹಾಕಿ, ಪಕ್ಕದ ಕೋಶಕ್ಕೆ ಸೀಸ ಕರಗಿಸಿ ಸೇತುವೆ ಕಟ್ಟಿ, ಮತ್ತೆ ಟಾರು ಹುಯ್ದು ಮುಚ್ಚಿದರೆ ಬ್ಯಾಟರಿಗೆ ಇನ್ನೊಂದೆರಡು ವರ್ಷ ಆಯಸ್ಸು ಬರುತ್ತಿತ್ತು.

ಯಾವ ಕೋಶ ಕೆಟ್ಟಿದೆ ಎಂದು ಪತ್ತೆ ಮಾಡುವುದೇ ಆ ಕೆಲಸದ ಅರ್ಧ ವಿದ್ಯೆ. ಎರಡು ಕವಲಿನ ಟೆಸ್ಟರನ್ನು ಒಂದೊಂದೇ ಕೋಶದ ಮೇಲೆ ಒತ್ತಿದರೆ ಐದು ಕೋಶಗಳಲ್ಲಿ ಮುಳ್ಳು ಎರಡರ ಹತ್ತಿರ ನಿಲ್ಲುತ್ತದೆ, ಆರನೆಯದರಲ್ಲಿ ಕುಸಿಯುತ್ತದೆ. “ಆರ್ರಲ್ಲಿ ಐದು ಚೆನ್ನಾಗವೆ ಅಂದ್ರೆ ಬ್ಯಾಟ್ರಿ ಚೆನ್ನಾಗೈತೆ ಅಂತಲ್ಲ. ಒಂದು ಸತ್ರೆ ಆರೂ ಸತ್ತಂಗೆಯ” ಎನ್ನುವುದು ಅವರ ಮಾತು. ಸಾಲಿನಲ್ಲಿ ನಿಂತ ಕೋಶಗಳೆಲ್ಲದರ ಮೂಲಕ ಹರಿಯುವ ವಿದ್ಯುತ್ ಪ್ರವಾಹ ಒಂದೇ. ನಡುವೆ ಒಬ್ಬ ಅಡ್ಡ ಕೂತರೆ ಉಳಿದವರು ಎಷ್ಟೇ ಬಲಶಾಲಿಗಳಾದರೂ ಪ್ರಯೋಜನವಿಲ್ಲ. ಇದನ್ನು ಅವರು ಭೌತಶಾಸ್ತ್ರದ ಪುಸ್ತಕದಿಂದ ಕಲಿತದ್ದಲ್ಲ, ಗಿರಾಕಿಗಳ ಬೈಗುಳದಿಂದ ಕಲಿತದ್ದು.

ಆಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ಕಾಯಿಸಿ ಅಂಟಿಸಿದ ಮುಚ್ಚಳ, ಕೋಶದಿಂದ ಕೋಶಕ್ಕೆ ಗೋಡೆಯೊಳಗೇ ಹಾದುಹೋದ ಸೇತುವೆ. ಬಿಚ್ಚುವ ಹಾಗೇ ಇಲ್ಲ. ನೀರು ಸಹ ಹುಯ್ಯಬೇಕಾಗಿಲ್ಲದ ಬ್ಯಾಟರಿಗಳೂ ಬಂದವು. ಅವರ ಅಂಗಡಿ ನಿಧಾನವಾಗಿ ಚಾರ್ಜಿಗೆ ಹಾಕುವ, ಹೊಸದನ್ನು ಮಾರುವ, ಹಳೆಯದನ್ನು ತೂಕಕ್ಕೆ ಕೊಳ್ಳುವ ಜಾಗವಾಯಿತು. ಸೀಸದ ಹೊಗೆ ಮೈಗೆ ಒಳ್ಳೆಯದಲ್ಲ ಎಂಬುದನ್ನು ನೆನೆದರೆ ಆದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಆದರೆ ಕೈಯಲ್ಲಿದ್ದ ವಿದ್ಯೆಗೆ ಬೆಲೆಯಿಲ್ಲದೆ ಹೋದ ಮನುಷ್ಯನಿಗೆ ಅಷ್ಟು ಸಮಾಧಾನ ಸಾಲದು. ಮಗಳು ಹತ್ತನೆಯ ತರಗತಿಗೆ ಬಂದಾಗ ಅವರ ಹಂಬಲ ಒಂದೇ ಆಗಿತ್ತು: ಅವಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲಿ, ಎಂಜಿನಿಯರಿಂಗ್ ಓದಲಿ, ಸ್ಪ್ಯಾನರ್ ಹಿಡಿಯುವ ಕೆಲಸ ಈ ಮನೆಗೆ ತನ್ನ ತಲೆಗೇ ಮುಗಿಯಲಿ.

2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ58 ರಾಕೆಟ್ ಹಾರಿತು. ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ ರಾಕೆಟ್ಟಿನ ಕೊನೆಯ ಹಂತವನ್ನು ಸುಮಾರು 350 ಕಿಲೋಮೀಟರ್ ಎತ್ತರಕ್ಕೆ ಇಳಿಸಿ, ಅದನ್ನೇ ಒಂದು ಪ್ರಯೋಗಶಾಲೆಯಂತೆ ಬಳಸಿಕೊಂಡರು. ಆ ಪ್ರಯೋಗಗಳಲ್ಲಿ ಒಂದು, ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದವರು ಕಟ್ಟಿದ ಇಂಧನಕೋಶ. ಜೊತೆಗೆ ಒಯ್ದ ಜಲಜನಕ ಮತ್ತು ಆಮ್ಲಜನಕಗಳಿಂದ ಅದು 180 ವಾಟ್ ವಿದ್ಯುತ್ ಕೊಟ್ಟಿತೆಂದು ಇಸ್ರೋ ಪ್ರಕಟಿಸಿತು. ಎರಡು ಫ್ಯಾನು ತಿರುಗಿಸುವಷ್ಟು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಆ ಸುದ್ದಿಯನ್ನು ಓದಿ ಹೇಳಿದರು. ಸಂಜೆ ಮಗಳು ಅಂಗಡಿಗೆ ಬಂದವಳೇ ಕೇಳಿದಳು: “ಅಪ್ಪ, ಇಂಧನಕೋಶ ಅಂದ್ರೂ ಬ್ಯಾಟ್ರೀನಾ?”

ಪ್ರಶ್ನೆ ಸಣ್ಣದಲ್ಲ. ಬ್ಯಾಟರಿ ತನ್ನ ಹೊಟ್ಟೆಯೊಳಗೇ ಬುತ್ತಿ ಕಟ್ಟಿಕೊಂಡಿರುತ್ತದೆ. ಬುತ್ತಿ ತೀರಿದರೆ ಮತ್ತೆ ಚಾರ್ಜು ಮಾಡಬೇಕು. ಇಂಧನಕೋಶದ್ದು ಒಲೆಯ ಸ್ವಭಾವ. ಹೊರಗಿನಿಂದ ಒಂದು ಕಡೆ ಜಲಜನಕ, ಇನ್ನೊಂದು ಕಡೆ ಗಾಳಿ ಅಥವಾ ಆಮ್ಲಜನಕ ಉಣಿಸುತ್ತಿರುವಷ್ಟು ಕಾಲವೂ ಅದು ವಿದ್ಯುತ್ ಕೊಡುತ್ತದೆ. ಹೊಗೆ ಬರುವುದಿಲ್ಲ, ಜ್ವಾಲೆ ಏಳುವುದಿಲ್ಲ. ಕೊನೆಗೆ ಉಳಿಯುವುದು ನೀರು ಮತ್ತು ಒಂದಿಷ್ಟು ಬಿಸಿ.

ಬ್ಯಾಟ್ರಿಯವರಿಗೆ ಜಲಜನಕದ ಪರಿಚಯ ಬೇರೆಯ ಬಗೆಯದು. ಸೀಸದ ಬ್ಯಾಟರಿಗೆ ಚಾರ್ಜು ಹೆಚ್ಚಾದರೆ ಒಳಗಿನ ನೀರು ಒಡೆದು ಜಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಅಂಗಡಿಯ ಗೋಡೆಯ ಮೇಲೆ ‘ಬೀಡಿ ಸೇದಬೇಡಿ’ ಎಂದು ಅವರು ಬರೆಸಿದ್ದು ಅದಕ್ಕೇ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಈ ಅನಿಲ ಸೇರಿದರೂ ಕಿಡಿಯೊಂದು ಸಾಕು. ಬಣ್ಣವಿಲ್ಲ, ವಾಸನೆಯಿಲ್ಲ, ಹತ್ತಿಕೊಂಡರೆ ಹಗಲಿನಲ್ಲಿ ಅದರ ಉರಿಯೂ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ನೀರಿಗೆ ವಿದ್ಯುತ್ ಕೊಟ್ಟರೆ ಈ ಅನಿಲ ಬರುತ್ತದೆ ಎನ್ನುವುದಾದರೆ, ಅನಿಲವನ್ನು ಕೊಟ್ಟು ವಿದ್ಯುತ್ತನ್ನು ವಾಪಸ್ಸು ಪಡೆಯಲು ಯಾಕಾಗಬಾರದು? ಹೀಗೆ ತಿರುಗಿಸಿ ಯೋಚಿಸಿ ಮಾಡಿ ತೋರಿಸಿದವನು ವೇಲ್ಸ್ ನಾಡಿನ ವಿಲಿಯಂ ಗ್ರೋವ್. ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನೂ ಆದವನು. 1839ರಲ್ಲಿ ಅವನು ಇದರ ಸುಳಿವನ್ನು ಪ್ರಕಟಿಸಿದ. 1842ರಲ್ಲಿ ಹಲವು ಅನಿಲಕೋಶಗಳನ್ನು ಸಾಲಾಗಿ ಜೋಡಿಸಿ, ಅವುಗಳ ವಿದ್ಯುತ್ತಿನಿಂದಲೇ ಬೇರೊಂದು ಪಾತ್ರೆಯ ನೀರನ್ನು ಒಡೆದು ತೋರಿಸಿದ.

ಹಲವು ಯಾಕೆ ಬೇಕಾದವು? ಕಥೆಯ ತಿರುಳು ಇರುವುದು ಇಲ್ಲಿಯೇ. ಜಲಜನಕ ಆಮ್ಲಜನಕಗಳ ಒಂದು ಕೋಶದಿಂದ ಲೆಕ್ಕದ ಪ್ರಕಾರ ಬರಬಹುದಾದದ್ದೇ 1.23 ವೋಲ್ಟ್. ಕೆಲಸಕ್ಕೆ ಹಚ್ಚಿ ಕರೆಂಟು ಎಳೆಯತೊಡಗಿದರೆ ಅದು 0.6ರಿಂದ 0.7ರವರೆಗೆ ಇಳಿದುಬಿಡುತ್ತದೆ. ಟಾರ್ಚಿನ ಒಂದು ಸೆಲ್ಲಿನ ಅರ್ಧದಷ್ಟೂ ಇಲ್ಲ. ಮಗಳು ಪುಸ್ತಕ ನೋಡಿ ಈ ಸಂಖ್ಯೆ ಹೇಳಿದಾಗ ಅಪ್ಪ ನಕ್ಕರಂತೆ. “ಮುಕ್ಕಾಲು ವೋಲ್ಟೂ ಇಲ್ಲ! ಅದ್ರಲ್ಲೇನವ್ವ ಮಾಡೀಯೆ?”

“ಒಂದ್ರ ಮೇಲೊಂದು ಒಟ್ಟಬೇಕಂತೆ ಅಪ್ಪ.”

“ಮೆದೆ ಒಟ್ಟಿದಂಗಾ?”

ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಹುಲ್ಲಿನ ಮೆದೆಗೂ ಅವರಲ್ಲಿ ಅದೇ ಮಾತು. ರಾಗಿ ಬೆಳೆಯುವ ಸೀಮೆಯಲ್ಲಿ ಕೂತು ಅಪ್ಪ ಯೋಚನೆಯಿಲ್ಲದೆ ಆಡಿದ ಮಾತು ನಿಘಂಟಿಗಿಂತ ಸರಿಯಾಗಿತ್ತು. 1800ರಲ್ಲಿ ಇಟಲಿಯ ವೋಲ್ಟಾ ಮಾಡಿದ ಮೊಟ್ಟಮೊದಲ ಬ್ಯಾಟರಿಯೂ ಒಂದು ಮೆದೆಯೇ. ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ. ಮತ್ತೆ ಸತು, ಮತ್ತೆ ಬೆಳ್ಳಿ, ಮತ್ತೆ ಬಟ್ಟೆ.

ಇಂಧನಕೋಶಗಳ ಮೆದೆಯನ್ನು ಅರ್ಥ ಮಾಡಿಕೊಳ್ಳಲು ಆ ಹುಡುಗಿ ಮನೆಯಲ್ಲಿ ಸಿಕ್ಕ ಸಾಮಾನಿನಿಂದ ಒಂದು ಮಾದರಿ ಕಟ್ಟಿದಳು. ವಿದ್ಯುತ್ ಕೊಡುವ ಮಾದರಿಯಲ್ಲ, ಬರೀ ಒಡಲು. ಜಲಜನಕದ ತಂಟೆಗೆ ಹೋಗದೆ ಹಾಗೆ ಮಾಡಿದ್ದು ಜಾಣತನ. ಬೇರೆ ಮಕ್ಕಳೂ ಅಷ್ಟಕ್ಕೇ ನಿಲ್ಲಿಸುವುದು ಮೇಲು.

ನಡುವಿನ ಪೊರೆಗೆ ಅವಳು ಆರಿಸಿದ್ದು ನಂದಿನಿ ಹಾಲಿನ ಕವರು. ನಿಜವಾದ ಕೋಶದಲ್ಲಿ ಅಲ್ಲಿ ಇರುವುದು ತಲೆಗೂದಲಿಗಿಂತ ತೆಳುವಾದ ಒಂದು ವಿಶೇಷ ಪ್ಲಾಸ್ಟಿಕ್ ಪೊರೆ. ಅದರ ಎರಡೂ ಮೈಗೆ ಇದ್ದಿಲಿನ ಪುಡಿಯ ಜೊತೆ ಪ್ಲಾಟಿನಂ ಲೋಹದ ಅತಿ ಸೂಕ್ಷ್ಮ ಕಣಗಳನ್ನು ಬಳಿದಿರುತ್ತಾರೆ. ಜಲಜನಕ ಪ್ಲಾಟಿನಮ್ಮಿಗೆ ತಾಗಿದೊಡನೆ ಪ್ರೋಟಾನ್, ಎಲೆಕ್ಟ್ರಾನ್ ಎಂದು ಇಬ್ಭಾಗವಾಗುತ್ತದೆ. ಪೊರೆಯ ಕಾವಲು ವಿಚಿತ್ರ: ಪ್ರೋಟಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಬಿಡುವುದಿಲ್ಲ. ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತಿಕೊಂಡು, ದಾರಿಯಲ್ಲಿ ನಮ್ಮ ದೀಪ ಉರಿಸಿ, ಮೋಟಾರು ತಿರುಗಿಸಿ, ಆಚೆ ದಡ ಸೇರಬೇಕು. ಅಲ್ಲಿ ಪ್ರೋಟಾನು, ಎಲೆಕ್ಟ್ರಾನು, ಗಾಳಿಯ ಆಮ್ಲಜನಕ ಮೂರೂ ಕೂಡಿ ನೀರಾಗುತ್ತದೆ.

ಪೊರೆಯ ಆಚೆ ಈಚೆ ಇಂಗಾಲದ ಎಳೆಗಳ ಒಂದೊಂದು ಕಾಗದ. ಅನಿಲ ಪ್ಲೇಟಿನ ಮೂಲೆಮೂಲೆಗೂ ಹರಡಲಿ, ಹುಟ್ಟಿದ ನೀರು ಆಚೆ ಹೋಗಲಿ ಎಂದು. ಇದಕ್ಕೆ ಅವಳು ಇದ್ದಿಲು ಉಜ್ಜಿದ ಹಳೆಯ ಪತ್ರಿಕೆ ಹಾಕಿದಳು. ಅದರ ಹೊರಗೆ ಗಟ್ಟಿಯಾದ ಪ್ಲೇಟು. ಮದುವೆಯ ಕರೆಯೋಲೆಗಳ ದಪ್ಪ ರಟ್ಟು ಈ ಪಾತ್ರಕ್ಕೆ ಒದಗಿತು. ರಟ್ಟಿನ ಒಂದು ಮೈಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಉದ್ದುದ್ದ ಕಾಲುವೆಗಳನ್ನು ಗೀರಿದಳು, ಜಲಜನಕ ಹರಿಯಲು. ತಿರುಗಿಸಿ ಇನ್ನೊಂದು ಮೈಮೇಲೂ ಗೀರಿದಳು, ಗಾಳಿ ಹರಿಯಲು.

ಅಪ್ಪ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ್ದು ಈ ಪ್ಲೇಟನ್ನೇ. ಸೀಸದ ಬ್ಯಾಟರಿಯಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಸೇತುವೆ ಕಟ್ಟಬೇಕು; ಆ ಸೇತುವೆಗಾಗಿ ಅವರು ಅದೆಷ್ಟು ಸೀಸ ಕರಗಿಸಿದ್ದರೋ! ಇಲ್ಲಿ ಸೇತುವೆಯೇ ಇಲ್ಲ. ಒಂದು ಕೋಶದ ಜಲಜನಕದ ಗೋಡೆಯೇ ಪಕ್ಕದ ಕೋಶದ ಗಾಳಿಯ ಗೋಡೆ. ಎರಡು ಮನೆಗೆ ಒಂದೇ ಗೋಡೆ ಹಾಕಿದಂತೆ. ಪ್ಲೇಟು ವಿದ್ಯುತ್ತನ್ನು ತನ್ನ ಮೈಯಡ್ಡಲಾಗಿಯೇ ದಾಟಿಸುತ್ತದೆ, ಎರಡು ಅನಿಲಗಳನ್ನು ಬೇರೆ ಇಡುತ್ತದೆ, ತನ್ನ ಹೊಟ್ಟೆಯೊಳಗೆ ತಣ್ಣೀರು ಹರಿಸಿಕೊಂಡು ಕೋಶದ ಬಿಸಿಯನ್ನೂ ಒಯ್ಯುತ್ತದೆ. ಗ್ರಾಫೈಟಿನಲ್ಲೋ ತೆಳು ಲೋಹದ ತಗಡಿನಲ್ಲೋ ಇದನ್ನು ಮಾಡುತ್ತಾರೆ. ಇಡೀ ಮೆದೆಯಲ್ಲಿ ಹೆಚ್ಚು ದುಡಿಯುವುದು, ಕಡಿಮೆ ಹೆಸರು ಪಡೆಯುವುದು ಈ ಪ್ಲೇಟು.

ಪೊರೆ, ಕಾಗದ, ಪ್ಲೇಟು. ಪೊರೆ, ಕಾಗದ, ಪ್ಲೇಟು. ಅಂಚಿನಲ್ಲಿ ಅನಿಲ ಸೋರದಂತೆ ಗ್ಯಾಸ್ಕೆಟ್, ಹುಡುಗಿಯ ಮಾದರಿಯಲ್ಲಿ ಸೈಕಲ್ ಟ್ಯೂಬಿನ ಪಟ್ಟಿ. ಹೀಗೆ ಹತ್ತು ಕೋಶ ಪೇರಿಸಿ, ಮೇಲೊಂದು ಕೆಳಗೊಂದು ಪ್ಲೈವುಡ್ ತುಂಡು ಇಟ್ಟು, ನಾಲ್ಕು ಮೂಲೆಗೆ ಉದ್ದನೆಯ ಬೋಲ್ಟು ತೂರಿಸಿ ನಟ್ಟು ಬಿಗಿಯತೊಡಗಿದಳು. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೆದೆ ಓರೆಯಾಯಿತು, ಎದುರು ಮೂಲೆಯಲ್ಲಿ ರಟ್ಟುಗಳು ಬಾಯಿ ಬಿಟ್ಟವು.

“ಎಂಜಿನ್ನಿನ ಹೆಡ್ಡು ಯಾವತ್ತಾದ್ರೂ ಹಂಗೆ ಬಿಗೀತಾರೇನವ್ವ? ಬಿಚ್ಚು. ಎದುರುಬದರು ನಟ್ಟು ಹಿಡಿ. ಇದಕ್ಕೊಂದು ಸುತ್ತು, ಅದಕ್ಕೊಂದು ಸುತ್ತು. ಒಂದೇ ಸಲಕ್ಕೆ ಪೂರ್ತಿ ಬಿಗೀಬ್ಯಾಡ.”

ದೊಡ್ಡ ಪ್ರಯೋಗಶಾಲೆಗಳಲ್ಲಿಯೂ ಹೀಗೇ ಮಾಡುತ್ತಾರೆ. ಬಿಗಿತ ಅಳೆಯುವ ಸ್ಪ್ಯಾನರ್ ಹಿಡಿದು, ಎದುರುಬದುರಾಗಿ, ಹಂತಹಂತವಾಗಿ. ಅಥವಾ ಪ್ರೆಸ್ಸಿನಲ್ಲಿ ಇಡೀ ಮೆದೆಯನ್ನು ಸಮನಾಗಿ ಅದುಮಿ, ಆಮೇಲೆ ಕಟ್ಟು ಹಾಕುತ್ತಾರೆ. ಬಿಗಿತ ಕಡಿಮೆಯಾದರೆ ಪ್ಲೇಟಿಗೂ ಕಾಗದಕ್ಕೂ ಸರಿಯಾದ ಸ್ಪರ್ಶವಿಲ್ಲದೆ ವಿದ್ಯುತ್ತು ಬಿಸಿಯಾಗಿ ಪೋಲಾಗುತ್ತದೆ, ಅನಿಲವೂ ಸೋರುತ್ತದೆ. ಹೆಚ್ಚಾದರೆ ಇಂಗಾಲದ ಕಾಗದ ಜಜ್ಜಿಹೋಗಿ ಅನಿಲಕ್ಕೆ ದಾರಿಯಿಲ್ಲ. ಎಳೆಯೊಂದು ಪೊರೆಯನ್ನು ಚುಚ್ಚಿದರೆ ಜಲಜನಕವೂ ಗಾಳಿಯೂ ಒಳಗೇ ಭೇಟಿಯಾಗುತ್ತವೆ, ಅದು ಆಗಬಾರದ ಭೇಟಿ. ಇನ್ನೊಂದು ಲೆಕ್ಕ ನೋಡಿ. ಪ್ಲೇಟಿನ ಒಂದು ಅಂಚು ಇನ್ನೊಂದಕ್ಕಿಂತ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ದಪ್ಪವಿದೆ ಎನ್ನೋಣ. ಒಂದು ಪ್ಲೇಟಿನಲ್ಲಿ ಅದು ಕಣ್ಣಿಗೂ ಕೈಗೂ ಸಿಗದು. ಮುನ್ನೂರು ಪ್ಲೇಟುಗಳನ್ನು ಅದೇ ಅಂಚು ಒಂದೇ ಕಡೆಗೆ ಬರುವಂತೆ ಪೇರಿಸಿದರೆ ಮೆದೆ ಮೂರು ಮಿಲಿಮೀಟರ್ ವಾಲುತ್ತದೆ. ಆದ್ದರಿಂದ ಕಟ್ಟಿ ಮುಗಿದ ಮೆದೆಯನ್ನು ಅನಿಲ ತುಂಬಿ ಸೋರಿಕೆ ಪರೀಕ್ಷಿಸದೆ ಯಾರೂ ಕೆಲಸಕ್ಕೆ ಹಚ್ಚುವುದಿಲ್ಲ.

ಕೋಶಗಳ ಸಂಖ್ಯೆ ಹೆಚ್ಚಿಸಿದರೆ ವೋಲ್ಟು ಹೆಚ್ಚುತ್ತದೆ, ಕೋಶದ ಅಗಲ ಹೆಚ್ಚಿಸಿದರೆ ಆಂಪಿಯರು ಹೆಚ್ಚುತ್ತದೆ. ತೋಟದ ಐದು ಅಶ್ವಶಕ್ತಿಯ ಪಂಪುಸೆಟ್ಟಿಗೆ ಎಷ್ಟು ದೊಡ್ಡ ಮೆದೆ ಬೇಕು ಎಂದು ಅಪ್ಪ ಮಗಳು ಕೂತು ಲೆಕ್ಕ ಹಾಕಿದರು. ಪಂಪು ಎಳೆಯುವುದು ಸುಮಾರು ನಾಲ್ಕೂವರೆ ಕಿಲೋವಾಟ್. ಕೋಶದ ಹರವು 200 ಚದರ ಸೆಂಟಿಮೀಟರ್ ಇದ್ದು, ಚದರ ಸೆಂಟಿಮೀಟರಿಗೆ ಒಂದು ಆಂಪಿಯರ್ ಬಂದರೆ ಒಂದು ಕೋಶಕ್ಕೆ 200 ಆಂಪಿಯರ್. ಅದನ್ನು 0.65 ವೋಲ್ಟಿನಿಂದ ಗುಣಿಸಿದರೆ 130 ವಾಟ್. ಮೂವತ್ತೈದು ಕೋಶ ಪೇರಿಸಿದರೆ ಸಾಕು. ಬರುವ ವೋಲ್ಟು ಮಾತ್ರ ಇಪ್ಪತ್ತಮೂರರ ಹತ್ತಿರ, ಅದೂ ನೇರ ವಿದ್ಯುತ್ತು. ಪಂಪಿಗೆ ಹೊಂದಿಸಲು ಇನ್ವರ್ಟರ್ ಬೇಕೇ ಬೇಕು.

ಇನ್ನು ಜಲಜನಕ ಎಲ್ಲಿಂದ ತರುವುದು? ಈ ಪ್ರಶ್ನೆಗೆ ಒಂದು ಉತ್ತರ ಬೆಂಗಳೂರಿನಲ್ಲಿಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಕೃಷಿತ್ಯಾಜ್ಯದಂಥ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯ ಜೊತೆ ಕಾಯಿಸಿ, ಒಂದು ಕಿಲೋದಿಂದ ಸುಮಾರು 100 ಗ್ರಾಂ ಜಲಜನಕ ತೆಗೆಯುವ ವಿಧಾನವನ್ನು ರೂಪಿಸಿದೆ. 2022ರಲ್ಲಿ ಇದು ಸುದ್ದಿಯಾಯಿತು. ಒಂದು ಕಿಲೋ ಜಲಜನಕದಲ್ಲಿರುವ ಶಕ್ತಿ ಸುಮಾರು 33 ಯೂನಿಟ್. ಇಂಧನಕೋಶ ಅದರಲ್ಲಿ ಅರ್ಧದಷ್ಟನ್ನು ವಿದ್ಯುತ್ತಾಗಿ ಕೊಟ್ಟರೆ, ಪಂಪು ಒಂದು ಗಂಟೆ ಓಡಲು ಹೆಚ್ಚುಕಡಿಮೆ 270 ಗ್ರಾಂ ಜಲಜನಕ, ಅಂದರೆ ಮೂರು ಕಿಲೋದೊಳಗಿನ ಜೀವರಾಶಿ ಬೇಕು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಪ್ಲಾಟಿನಂ ಬಹಳ ಸೂಕ್ಷ್ಮ. ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡಿನ ಸೋಂಕು ತುಸುವಿದ್ದರೂ ಅದಕ್ಕೆ ವಿಷ. ಅಷ್ಟು ಶುದ್ಧ ಮಾಡುವ ಯಂತ್ರ ಹಳ್ಳಿಯ ಕಣದಲ್ಲಿ ಇಡುವಂಥದ್ದಲ್ಲ. ರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುವ ತ್ರೀ-ಫೇಸ್ ಕರೆಂಟಿಗಾಗಿ ತೋಟದಲ್ಲಿ ಟಾರ್ಚು ಹಿಡಿದು ಕಾಯುವ ರೈತರಿಗೆ ಈ ಲೆಕ್ಕ ಈಗಲೇ ಆಸೆ ಹುಟ್ಟಿಸಬಾರದು.

ಮತ್ತೆ ಮೆದೆಯ ವಿಷಯಕ್ಕೆ. ಎಲ್ಲ ಕೋಶಗಳಿಗೂ ಸಮನಾಗಿ ಅನಿಲ ಹಂಚುವುದು ಅದನ್ನು ಕಟ್ಟುವವರ ದೊಡ್ಡ ತಲೆನೋವು. ಪ್ಲೇಟುಗಳ ಮೂಲೆಯಲ್ಲಿ ಕೊರೆದ ರಂಧ್ರಗಳು ಒಂದರ ಮೇಲೊಂದು ಕೂಡಿ ಮೆದೆಯ ಉದ್ದಕ್ಕೂ ಒಂದು ಕೊಳವೆಯಾಗುತ್ತದೆ. ಅದರಿಂದ ಒಂದೊಂದು ಕೋಶಕ್ಕೂ ಕವಲು. ಹುಟ್ಟಿದ ನೀರಿನ ಹನಿಯೊಂದು ಯಾವುದೋ ಕೋಶದ ಕಾಲುವೆಯನ್ನು ಮುಚ್ಚಿತೆನ್ನಿ. ಆ ಕೋಶಕ್ಕೆ ಜಲಜನಕವಿಲ್ಲ. ಆದರೆ ಸಾಲಿನಲ್ಲಿರುವುದರಿಂದ ಅಕ್ಕಪಕ್ಕದವುಗಳ ಪ್ರವಾಹ ಅದರ ಮೂಲಕವೇ ಹಾದುಹೋಗಬೇಕು. ಆಗ ಅದರ ವೋಲ್ಟು ಸೊನ್ನೆಗೆ ಇಳಿದು, ಸೊನ್ನೆಯನ್ನೂ ದಾಟಿ ಉಲ್ಟಾ ತಿರುಗುತ್ತದೆ. ಕೊಡಲು ಜಲಜನಕವಿಲ್ಲದ್ದರಿಂದ ಪ್ಲಾಟಿನಂ ಹೊತ್ತಿರುವ ಇದ್ದಿಲೇ ಕರಗತೊಡಗುತ್ತದೆ. ಹಸಿದ ಕೋಶ ತನ್ನ ಮೈಯನ್ನೇ ತಿನ್ನುತ್ತದೆ ಎನ್ನಬಹುದು. ಇದನ್ನು ಕೇಳಿ ಬ್ಯಾಟ್ರಿಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಪೂರ್ತಿ ಇಳಿದುಹೋದ ಲಾರಿ ಬ್ಯಾಟರಿಯಲ್ಲಿ ಸೋತ ಕೋಶದ ಮುಳ್ಳು ಹಿಂದಕ್ಕೆ ತಿರುಗುವುದನ್ನು ಅವರು ಕಂಡವರೇ. ಅವರು ಟೆಸ್ಟರಿನಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಣ್ಣ ತಂತಿಗಳು ಹಗಲೂ ರಾತ್ರಿ ಮಾಡುತ್ತವೆ: ಒಂದೊಂದು ಕೋಶದ ವೋಲ್ಟನ್ನೂ ನೋಡುತ್ತಾ, ಒಂದು ಕುಸಿದರೂ ಮೆದೆಯನ್ನು ನಿಲ್ಲಿಸುತ್ತವೆ.

ಈ ತೊಡಕುಗಳಿಂದಾಗಿಯೇ ಗ್ರೋವ್‌ನ ನಂತರ ನೂರು ವರ್ಷ ಕಳೆದರೂ ಇಂಧನಕೋಶ ಮೇಜಿನ ಮೇಲಿನ ಆಟಿಕೆಯಾಗಿ ಉಳಿಯಿತು. ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಬೇಕನ್ ಹಟ ಹಿಡಿದು ದುಡಿದು 1959ರಲ್ಲಿ ನಲವತ್ತು ಕೋಶಗಳ ಮೆದೆಯಿಂದ ಐದು ಕಿಲೋವಾಟಿನಷ್ಟು ವಿದ್ಯುತ್ ತೆಗೆದು, ಗರಗಸ ಓಡಿಸಿ, ವೆಲ್ಡಿಂಗ್ ಮಾಡಿ ತೋರಿಸಿದ. ಅವನ ದಾರಿಯಲ್ಲಿಯೇ ಅಪೊಲೊ ನೌಕೆಗಳ ಇಂಧನಕೋಶಗಳು ಬಂದವು. ನೌಕೆಗೆ ಮೂರು ಮೆದೆ, ಒಂದೊಂದರಲ್ಲಿ 31 ಕೋಶ. ಅವುಗಳಿಂದ ಬಂದ ನೀರನ್ನೇ ಗಗನಯಾತ್ರಿಗಳು ಕುಡಿದರು. 1970ರ ಏಪ್ರಿಲಿನಲ್ಲಿ ಅಪೊಲೊ-13ರ ಆಮ್ಲಜನಕದ ತೊಟ್ಟಿ ಸಿಡಿದಾಗ ಉಸಿರಿಗಷ್ಟೇ ಅಲ್ಲ, ಕರೆಂಟಿಗೂ ನೀರಿಗೂ ಒಟ್ಟಿಗೇ ಕುತ್ತು ಬಂದದ್ದು ಇದೇ ಕಾರಣಕ್ಕೆ.

ಚಂದ್ರಲೋಕದ ಮಾತು ಹಾಗಿರಲಿ, ಬಿಡದಿ ಹತ್ತಿರದ ಊರು. 1999ರ ಕೊನೆಯಲ್ಲಿ ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಕಾರು ತಯಾರಿಸತೊಡಗಿತು. 2022ರ ಮಾರ್ಚಿನಲ್ಲಿ ಇದೇ ಕಂಪೆನಿ ‘ಮಿರಾಯ್’ ಎಂಬ ಜಲಜನಕದ ಕಾರನ್ನು ಭಾರತದ ರಸ್ತೆಗಳಲ್ಲಿ ಪರೀಕ್ಷಿಸುವ ಯೋಜನೆಯನ್ನು ದೆಹಲಿಯಲ್ಲಿ ಆರಂಭಿಸಿತು. ಆ ಕಾರು ಜಪಾನಿನಲ್ಲಿ ತಯಾರಾದದ್ದು. 2014ರ ಮೊದಲ ಮಿರಾಯ್‌ನಲ್ಲಿ 370 ಕೋಶಗಳ ಮೆದೆಯಿಂದ 114 ಕಿಲೋವಾಟ್ ಬರುತ್ತಿತ್ತು. ಎರಡನೆಯ ತಲೆಮಾರಿನಲ್ಲಿ ಕೋಶಗಳು 330ಕ್ಕೆ ಇಳಿದವು, ಶಕ್ತಿ 128ಕ್ಕೆ ಏರಿತು. ಅದರಲ್ಲಿರುವ ಒಂದೊಂದು ಕೋಶವೂ ಅದೇ ಮುಕ್ಕಾಲು ವೋಲ್ಟಿನೊಳಗಿನ ಬಡಪಾಯಿಯೇ. ಹೆಚ್ಚಿದ್ದು ಜೋಡಿಸುವವರ ನಯ.

ಬಿಡದಿಯ ಕಾರ್ಖಾನೆಯ ಆವರಣದಲ್ಲಿಯೇ 2007ರಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಹತ್ತನೆಯ ತರಗತಿ ಪಾಸಾದ ಗ್ರಾಮೀಣ ಮಕ್ಕಳಿಗೆ ಪ್ರವೇಶ ಪರೀಕ್ಷೆ, ಮೂರು ವರ್ಷ ಅಲ್ಲೇ ಇದ್ದು ಕಲಿಯುವ ವ್ಯವಸ್ಥೆ. ಮೊದಲು ಹುಡುಗರಿಗೆ ಮಾತ್ರ ಇತ್ತು, ಈಚಿನ ವರ್ಷಗಳಲ್ಲಿ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಕಲಿಸುವುದು ಜೋಡಣೆ, ವೆಲ್ಡಿಂಗ್, ಬಣ್ಣ, ಯಂತ್ರ ಮತ್ತು ವಿದ್ಯುನ್ಮಾನ ಎರಡೂ ಬೆರೆತ ಮೆಕಾಟ್ರಾನಿಕ್ಸ್. ಅಲ್ಲಿ ಇಂಧನಕೋಶದ ಪಾಠ ಹೇಳುತ್ತಾರೆಂದು ಯಾರೂ ತಪ್ಪು ತಿಳಿಯಬಾರದು. ಹುಡುಗಿ ಅಲ್ಲಿಗೆ ಅರ್ಜಿ ಹಾಕುತ್ತೇನೆ ಎಂದದ್ದು, ಕೈ ಪಳಗದೆ ಯಾವ ಮೆದೆಯೂ ನಿಲ್ಲುವುದಿಲ್ಲ ಎಂಬುದನ್ನು ಆ ರಟ್ಟಿನ ಮಾದರಿಯಲ್ಲಿ ಕಂಡುಕೊಂಡಿದ್ದರಿಂದ.

ಮನೆಯಲ್ಲಿ ಎರಡು ವಾರ ಮಾತು ಬಿಗಿಯಾಯಿತು. “ನನ್ನ ಕೈ ನೋಡವ್ವ. ಇದ್ಕಾ ನಿನ್ನ ಓದ್ಸಿದ್ದು?” ಎಂದರು ಅಪ್ಪ. ಅಂಗೈಯಲ್ಲಿ ಆಸಿಡ್ಡಿನ ಹಳೆಯ ಕಲೆಗಳಿದ್ದವು. ಅವ್ವನ ಚಿಂತೆ ಬೇರೆ, ಹದಿನೈದು ವರ್ಷದ ಹೆಣ್ಣುಮಗಳನ್ನು ಹಾಸ್ಟೆಲಿಗೆ ಬಿಡುವುದು ಹೇಗೆ ಎಂದು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಇಂಧನಕೋಶವನ್ನೇ ನಂಬಿ ಮಕ್ಕಳ ಭವಿಷ್ಯ ಕಟ್ಟಲೂ ಆಗದು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ನಿಜ. ಆದರೆ ರಸ್ತೆಯ ಮೇಲೆ ಇವತ್ತು ಕಾಣುವುದು ಬ್ಯಾಟರಿಯ ಸ್ಕೂಟರು, ಬ್ಯಾಟರಿಯ ಕಾರುಗಳೇ. ಜಲಜನಕದ್ದು ಇನ್ನೂ ದುಬಾರಿ ಬಾಳು. ಅದನ್ನು ಕೂಡಿಡುವುದೂ ಸಾಗಿಸುವುದೂ ಕಷ್ಟ. ಹಾಗೆಂದು ಜೋಡಿಸುವ ವಿದ್ಯೆ ವ್ಯರ್ಥವೂ ಅಲ್ಲ. ವಿದ್ಯುತ್ ಕಾರಿನ ಬ್ಯಾಟರಿಯೂ ಕೋಶಗಳ ಸಾಲೇ, ಅಲ್ಲಿಯೂ ಸೋತ ಒಂದು ಕೋಶ ಉಳಿದವುಗಳನ್ನು ಎಳೆಯುತ್ತದೆ.

ಅಪ್ಪ ಕೊನೆಗೆ ಒಪ್ಪಿದ್ದು ಈ ವಾದಕ್ಕಲ್ಲ. ಮೇ 9ಕ್ಕೆ ಫಲಿತಾಂಶ ಬರುವ ಮೊದಲು ಮೇಷ್ಟ್ರು ಅಂಗಡಿಗೆ ಬಂದು, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ, ಪಿಯುಸಿ ಒಂದೇ ಬಾಗಿಲಲ್ಲ ಎಂದು ಬಿಡಿಸಿ ಹೇಳಿದರು. ಪಾಲಿಟೆಕ್ನಿಕ್, ಪಿಯು ಕಾಲೇಜು, ಬಿಡದಿಯ ಸಂಸ್ಥೆ, ಮೂರಕ್ಕೂ ಅರ್ಜಿ ಹಾಕುವುದೆಂದಾಯಿತು. ಅರ್ಜಿಗೆ ಫೋಟೊ ತೆಗೆಸಲು ಅಪ್ಪನೇ ಮಗಳನ್ನು ಮಾಗಡಿಗೆ ಕರೆದುಕೊಂಡು ಹೋದರು, ಪೆಟ್ಟಿಗೆಯಲ್ಲಿಟ್ಟಿದ್ದ ತೂತಿಲ್ಲದ ಅಂಗಿ ಹಾಕಿಕೊಂಡು.

ಬಸ್ಸಿನಲ್ಲಿ ಬರುವಾಗ ಅವರು ಕೇಳಿದರು: “ನಿನ್ನ ಮೆದೇಲಿ ಮೊದ್ಲು ಕೆಡೋದು ಯಾವ್ದು? ಅಂಚಿಂದಾ?”

ಅವಳಿಗೆ ಗೊತ್ತಿರಲಿಲ್ಲ. ಮರುದಿನ ಮೇಷ್ಟ್ರನ್ನು ಕೇಳಿ ಬಂದಳು. ಹೌದು, ಹೆಚ್ಚಾಗಿ ಅಂಚಿನದೇ. ನಡುವಿನ ಕೋಶಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ತುದಿಯವು ಲೋಹದ ದಪ್ಪ ಹಲಗೆಗೆ ತಾಗಿ ತಣ್ಣಗಾಗುತ್ತವೆ, ಅಲ್ಲಿ ಹಬೆ ನೀರಾಗಿ ಕಾಲುವೆ ಕಟ್ಟುತ್ತದೆ. ಅದಕ್ಕಾಗಿ ತುದಿಗಳಿಗೆ ಶಾಖ ತಡೆಯುವ ಪದರ ಹಾಕುವುದುಂಟು, ಕೆಲವು ಕಡೆ ಸಣ್ಣ ಹೀಟರು ಕೂಡ.

“ಹಂಗಾದ್ರೆ ಮಳೇಲಿ ಮೆದೆ ನೆನೆಯೋದು ಇದ್ದಂಗೇ ಕಣವ್ವ” ಎಂದರು ಅಪ್ಪ. ಚಾರ್ಜಿಗೆ ಹಾಕಿದ್ದ ಬ್ಯಾಟರಿಯ ಬಿರಡೆ ತೆಗೆದು ಹೈಡ್ರೋಮೀಟರ್ ಇಳಿಸಿದರು. ಮೊದಲು ತುದಿಯ ಕೋಶಕ್ಕೆ.